ಇಳಿಸಿದ ಕಾರು, ಗಾರೆಯವರ ಗುಂಡು, ಮತ್ತೆ ಹದಿನಾರು ಇಂಚು

ಮೊನ್ನೆ ಭಾನುವಾರ ನಮ್ ಕಾರು ಹುಚ್ಚರೆಲ್ಲ ಸೇರಿದ್ ಕಡೆ ಇಳಿಸಿದ ಕಾರಿಗೆ, ಅಂದ್ರೆ ಸ್ಪ್ರಿಂಗ್ ಬದಲಾಯಿಸಿ ನೆಲಕ್ಕೆ ಹತ್ರ ಮಾಡಿದ ಕಾರಿಗೆ, ಯಾವ ವೀಲು ಯಾವ ಟೈರು ಸರಿಹೋಗತ್ತೆ ಅಂತ ಒಂದ್ ಮುಕ್ಕಾಲು ಗಂಟೆ ಮಾತಾಡಿದ್ದೆ. ಬರಕ್ಕಾಗದೇ ಇದ್ದೋರು ಬರ್ದು ಹಾಕಿ ಅಂದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಾಡಿದ್ ಥರಾನೇ ಇದೆ, ವ್ಯಾಕರಣ ಹುಡುಕ್ಬೇಡಿ.

ಎಲ್ರಿಗೂ ನಮಸ್ಕಾರ. ಮೊದ್ಲು ಕೈ ಎತ್ತಿಸ್ತೀನಿ. ಇಲ್ಲಿ ಎಷ್ಟ್ ಜನ ಮೊದ್ಲು ಅಲಾಯ್ ವೀಲ್ ತಗೊಂಡ್ಬಿಟ್ಟು ಆಮೇಲೆ ಅದಕ್ಕೆ ಟೈರ್ ಹುಡ್ಕಿದೀರ? ನೋಡಿ, ಮುಕ್ಕಾಲು ಭಾಗ ಕೈ ಮೇಲಿದೆ. ನಾಚ್ಕೋಬೇಡಿ, ನಾನೂ ಅದನ್ನೇ ಮಾಡಿದ್ದು. ಶಿವಾಜಿನಗರದ ಗುಜರಿ ಕಡೆ ಏನೋ ಒಂದ್ ಹೆಡ್‌ಲೈಟ್ ಹುಡುಕ್ಕೊಂಡು ಹೋದೋನು ನಾಲ್ಕು ಅಲಾಯ್ ನೋಡಿದೆ, 17 ಇಂಚು, 8ಜೆ ಅಗಲ, ಇಟಿ 35 (ಈ ಜೆ, ಇಟಿ ಏನು ಅಂತ ಮುಂದೆ ಹೇಳ್ತೀನಿ), ಪಿಸಿಡಿ, ಅಂದ್ರೆ ಬೋಲ್ಟ್ ತೂತುಗಳು ಕೂತಿರೋ ವೃತ್ತದ ವ್ಯಾಸ, ನನ್ ಪೋಲೋದ್ದೇ, 5 ತೂತು 100 ಮಿಮೀ. ಭಾಯ್ ಒಂದ್ ಒದ್ದೆ ಬಟ್ಟೆ ತಗೊಂಡು ಒಂದನ್ನ ಒರ್ಸಿದ ನೋಡಿ, ಅಷ್ಟೇ, ಸೋತೋದೆ. ಕಾರಿಗೆ ಆಗ್ಲೇ 40 ಮಿಮೀ ಇಳಿಸೋ ಸ್ಪ್ರಿಂಗ್ ಹಾಕ್ಸಿದ್ದೆ, 205/40 ಆರ್17 ಟೈರ್ ಹಾಕ್ಸಿ ಮನೆ ಮುಂದೆ ನಿಲ್ಲಿಸ್ದಾಗ ಚಕ್ರದ ಮೇಲಿನ ತಗಡು ಫೆಂಡರಿಗೂ ಟೈರಿಗೂ ಒಂದೇ ಗೆರೆ ಎಳ್ದಂಗಿತ್ತು, ಬೀದಿ ಹುಡುಗ್ರೆಲ್ಲ ಬಂದು ಫೋಟೋ ತೆಕ್ಕೊಂಡ್ರು. ಎರಡು ವಾರ ನಾನೇ ರಾಜ.

ಆಮೇಲೆ ಅಮ್ಮ, ಅಕ್ಕ, ಅಕ್ಕನ ಮಗ್ಳು ಮೂರೂ ಜನಾನ ಹಿಂದೆ ಕೂರಿಸ್ಕೊಂಡು, ಡಿಕ್ಕಿ ತುಂಬ ಬ್ಯಾಗ್ ಹಾಕ್ಕೊಂಡು ಹಾಸನ ದಾಟಿ ಸಕಲೇಶಪುರದ ಕಡೆ ಹೊರಟ್ವಿ. ರಸ್ತೆ ಸ್ವಲ್ಪ ಅಲೆ ಅಲೆ ಇದ್ದ ಕಡೆಯೆಲ್ಲ ಹಿಂದಿನ ಎಡಗಡೆಯಿಂದ ಜರ್ರ್ ಅಂತ ಶಬ್ದ. ಅಮ್ಮ, "ಏನೋ ಅದು, ಮಿಕ್ಸಿಗೆ ಒಣಕೊಬ್ರಿ ಹಾಕ್ದಂಗೆ" ಅಂದ್ರು. ನಾನು ಕಲ್ಲಿರ್ಬೇಕಮ್ಮ ಅಂತ ಇನ್ನೊಂದ್ ಹತ್ತು ಕಿಲೋಮೀಟರ್ ಓಡಿಸ್ದೆ. ನಿಲ್ಸಿ ನೋಡಿದ್ರೆ ಟೈರಿನ ಹೊರಗಿನ ಭುಜದ ಮೇಲೆ ಸುತ್ತಾ ಒಂದು ಗೀರು, ಬ್ಲೇಡಲ್ಲಿ ಕೊರ್ದಂಗೆ, ಒಂದ್ ಕಡೆ ಒಳಗಿನ ದಾರ ಕಾಣ್ತಿದೆ, ಮಡ್‌ಗಾರ್ಡ್ ಒಳಗೆಲ್ಲ ಸ್ಕೂಲ್ ಮಕ್ಳು ರಬ್ಬರ್ ಉಜ್ಜಿ ಉದುರಿಸ್ದಂಗೆ ಕಪ್ಪು ಪುಡಿ. ಫೆಂಡರಿನ ತುದೀನ ಒಳಗಡೆ ಮಡಚಿರ್ತಾರಲ್ಲ, ಆ ತಗಡಿನ ಅಂಚು, ಅದೇ ಕತ್ತಿ.

ಸ್ಟೆಪ್ನಿ ಇದೆಯಲ್ಲ ಅಂತ ತೆಗೆದೆ. ಕಂಪ್ನಿ ಡಿಸ್ಕು, ಅಂದ್ರೆ ರಿಮ್ಮು, 185/60 ಆರ್15, ಎತ್ತರ ಹತ್ತಿರ ಹತ್ತಿರ ಅದೇ. ಬೋಲ್ಟ್ ಹಾಕೋವಾಗ ಗೊತ್ತಾಯ್ತು ಎಡವಟ್ಟು. ಫೋಕ್ಸ್‌ವ್ಯಾಗನ್ ಕಂಪ್ನಿ ಬೋಲ್ಟಿನ ತಲೆ ಕೆಳಗೆ ಗೋಲಿ ಥರ ದುಂಡಗೆ ಇರತ್ತೆ, ಹೊರಗಡೆ ಸಿಗೋ ಅಲಾಯ್‌ಗಳಿಗೆ ಸಾಮಾನ್ಯವಾಗಿ ಬರೋದು ಕೋನ್ ಥರ ಚೂಪಿರೋ ಬೋಲ್ಟ್. ದುಂಡು ಕುಳೀಲಿ ಕೋನ್ ಕೂತ್ರೆ ಸುತ್ತಾ ಒಂದ್ ಗೆರೆಯಷ್ಟು ಮಾತ್ರ ತಾಗತ್ತೆ, ಟೈಟ್ ಆದಂಗ್ ಅನ್ಸತ್ತೆ, ಓಡ್ತಾ ಓಡ್ತಾ ಬಿಟ್ಕೊಳತ್ತೆ. ಕಂಪ್ನಿ ಬೋಲ್ಟ್‌ಗಳು ಬೆಂಗಳೂರಲ್ಲಿ ಬಟ್ಟೆ ಚೀಲದಲ್ಲಿ ಅಟ್ಟದ ಮೇಲೆ ಭದ್ರವಾಗಿದಾವೆ. ಹಿಂದೆ ಅಮ್ಮ ಕೂತಿದಾರೆ, ಆ ಬೋಲ್ಟಲ್ಲಿ ಓಡ್ಸೋ ಧೈರ್ಯ ಬರ್ಲಿಲ್ಲ. ಹಾಸನದಲ್ಲಿರೋ ಒಬ್ಬ ಗೆಳೆಯ ಮನೇಲಿ ಅದೇ ದುಂಡು ಬೋಲ್ಟ್ ಇರೋ ತನ್ನ ಸ್ಕೋಡಾ ರ್‍ಯಾಪಿಡ್‌ನ ಜಾಕ್ ಮೇಲೆ ನಿಲ್ಸಿ, ಒಂದ್ ಚಕ್ರದ ಐದೂ ಬೋಲ್ಟ್ ಬಿಚ್ಕೊಂಡು ಬೈಕಲ್ಲಿ ತಂದ್ಕೊಟ್ಟ. ಅಲ್ಲೀವರೆಗೂ ಮೂರು ಗಂಟೆ ಅಮ್ಮ ಒಂದ್ ಅರಳಿಕಟ್ಟೆ ಮೇಲೆ ಕೂತು ಕಿತ್ತಳೆ ಸುಲೀತಾ ಇದ್ರು, ಒಂದ್ ಮಾತೂ ಆಡ್ಲಿಲ್ಲ. ಬೈದಿದ್ರೇ ಚೆನ್ನಾಗಿರ್ತಿತ್ತು.

ಸರಿ, ಈಗ ಲೆಕ್ಕಕ್ಕೆ ಬರೋಣ, ತಪ್ಪಾಗಿದ್ದು ಎಲ್ಲಿ? ಕಂಪ್ನಿ ಡಿಸ್ಕ್ 6ಜೆ, ಇಟಿ 40. 6ಜೆ ಅಂದ್ರೆ 6 ಇಂಚು ಅಗಲ, 152 ಮಿಮೀ ಚಿಲ್ಲರೆ, ಅದರ ಅರ್ಧ 76. ಇಟಿ ಅಂದ್ರೆ ರಿಮ್‌ನ ಅಗಲದ ನಟ್ಟನಡುವಿನ ಗೆರೆಯಿಂದ ಹಬ್‌ಗೆ (ಕಾರಲ್ಲಿ ಚಕ್ರ ಬಿಗಿಯೋ ಜಾಗ) ಕೂರೋ ಮುಖ ಎಷ್ಟು ಹೊರಗಿದೆ ಅಂತ, ಅಷ್ಟೇ, ಜರ್ಮನ್ನಲ್ಲಿ ಐನ್‌ಪ್ರೆಸ್‌ಟೀಫೆ ಅಂತಾರಂತೆ, ಅದರ ಶಾರ್ಟ್. ಹಂಗಾಗಿ ಹಬ್ಬಿಂದ ಆಚೆ ಕಡೆಗೆ 76ರಲ್ಲಿ 40 ಕಳೆದ್ರೆ 36 ಮಿಮೀ, ಒಳಗಡೆಗೆ 76ಕ್ಕೆ 40 ಸೇರಿಸಿದ್ರೆ 116. ಈಗ ನನ್ ಗುಜರಿ ಅಲಾಯ್ ನೋಡಿ, 8ಜೆ ಅರ್ಧ 101 ಚಿಲ್ಲರೆ, ಇಟಿ 35, ಆಚೆಗೆ 66, ಒಳಗೆ 136. ಆಚೆ 30 ಮಿಮೀ ಜಾಸ್ತಿ ಬಂತು, ಒಳಗೂ 20 ಮಿಮೀ ಜಾಸ್ತಿ. ಮೂರು ಸೆಂಟಿಮೀಟರ್ ಕಣ್ರೀ, ಹೆಬ್ಬೆರಳಿನ ಒಂದ್ ಗೆಣ್ಣು! ಆ ಲೆಕ್ಕಕ್ಕೆ ಕ್ಯಾಲ್ಕುಲೇಟರೂ ಬೇಡ, ಟೀ ಕುಡೀತಾ ಬಿಲ್ ಹಿಂದೆ ಬರ್ದು ನೋಡ್ಬೋದಿತ್ತು, ನಾನು ನೋಡಿದ್ದು ಭಾಯ್ ಒರ್ಸಿದ ಹೊಳಪು ಮಾತ್ರ.

ನಿಂತಾಗ ಯಾಕೆ ತಾಗ್ಲಿಲ್ಲ ಹಂಗಾದ್ರೆ? ಇದೇ ನೋಡಿ ಇವತ್ತಿನ ಮುಖ್ಯ ವಿಷ್ಯ. ಕಾರು ಇಳಿಸೋದು ಅಂದ್ರೆ ಸಸ್ಪೆನ್ಷನ್ ಮೇಲಕ್ಕೆ ಹೋಗಕ್ಕಿರೋ ಜಾಗದಲ್ಲಿ 40 ಮಿಮೀನ ನಿಂತಲ್ಲೇ ತಿಂದಾಕೋದು. ಮಿಕ್ಕಿದ್ದನ್ನ ಲೋಡು, ಗುಂಡಿ, ತಿರುವು ತಿನ್ನತ್ತೆ. ನಾವು ಫೋಟೋದಲ್ಲಿ ನೋಡೋದು ಖಾಲಿ ಕಾರು, ಸಮ ನೆಲ, ನೇರ ಸ್ಟೇರಿಂಗ್. ಟೈರ್ ತಾಗೋದು ತುಂಬಿದ ಕಾರಲ್ಲಿ, ತಿರುಗಿದ ಚಕ್ರದಲ್ಲಿ.

ಅದ್ರಲ್ಲೂ ಮುಂದೆ ಹಿಂದೆ ಒಂದೇ ಲೆಕ್ಕ ಅಲ್ಲ. ಪೋಲೋ, ಸ್ವಿಫ್ಟ್, ಐ20, ಸಿಟಿ, ಇವೆಲ್ಲ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ), ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸೋ ಒಂದೇ ಅಡ್ಡ ತೊಲೆ). ಮುಂದೆ ಇಳಿಸಿದ್ರೆ ಚಕ್ರದ ಮೇಲ್ಭಾಗ ಸ್ವಲ್ಪ ಒಳಗೆ ವಾಲತ್ತೆ, ನೆಗೆಟಿವ್ ಕ್ಯಾಂಬರ್ ಅಂತೀವಲ್ಲ, ಅದು ಫೆಂಡರಿಂದ ಟೈರನ್ನ ಕೊಂಚ ಕಾಪಾಡತ್ತೆ. ಹಿಂದೆ ಬೀಮಿಗೆ ಆ ದಾಕ್ಷಿಣ್ಯ ಇಲ್ಲ, ಎಷ್ಟ್ ಇಳಿಸಿದ್ರೂ ಕ್ಯಾಂಬರ್ ಹೆಚ್ಚು ಕಮ್ಮಿ ಅಷ್ಟೇ, ಚಕ್ರ ನೆಟ್ಟಗೆ ಮೇಲೆ ಬಂದು ಅಂಚಿಗೆ ಹೊಡೆಯತ್ತೆ. ಅದಕ್ಕೇ ನಮ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಮೊದ್ಲು ಕಂಪ್ಲೇಂಟ್ ಬರೋದು ಹಿಂದಿಂದ, ಅದೂ ಅಮ್ಮಂದಿರು ಕೂತಾಗ. ಮುಂದೆ ಬೇರೆ ತೊಂದ್ರೆ, ಸ್ಟೇರಿಂಗ್ ಪೂರ್ತಿ ತಿರುಗಿಸ್ದಾಗ ಟೈರಿನ ಅಂಚು ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜೋದು, ಒಳಗಡೆ ಸ್ಟ್ರಟ್‌ಗೆ ತಾಗೋದು. ಕಾಯ್ಲ್‌ಓವರ್ (ಎತ್ತರ ಹೊಂದಿಸ್ಕೊಳ್ಳೋ ಸ್ಪ್ರಿಂಗ್ ಸೆಟ್ಟು) ಹಾಕಿಸ್ಕೊಂಡೋರು ಇದನ್ನ ಇನ್ನೊಂದ್ಸಲ ನೋಡ್ಬೇಕು, ಅದರ ಸ್ಪ್ರಿಂಗ್ ತಟ್ಟೆ ಇಳ್ಸಿದಂಗೆಲ್ಲ ಟೈರಿನ ಎತ್ತರಕ್ಕೇ ಬಂದ್ಬಿಡತ್ತೆ.

ಅಳೆಯೋದು ಹೆಂಗೆ ಅಂತ ತೋರಿಸ್ತೀನಿ. (ಇಲ್ಲಿ ನಾನು ಜೇಬಿಂದ ತೂಗುಗುಂಡು ತೆಗ್ದಾಗ ಎಲ್ರೂ ನಕ್ಕರು.) ನಗಬೇಡಿ, ಗೋಡೆ ನೆಟ್ಟಗಿದೆಯಾ ನೋಡಕ್ಕೆ ಗಾರೆ ಕೆಲಸದೋರು ಇಟ್ಕೋತಾರಲ್ಲ, ಅದೇ ಗುಂಡು. ದಾರಾನ ಫೆಂಡರಿನ ನಡುಮಧ್ಯ, ಒಳ ಅಂಚಿಗೆ ಟೇಪಲ್ಲಿ ಅಂಟ್ಸಿ ಗುಂಡು ಇಳಿಬಿಡಿ, ಅದು ಅಲ್ಲಾಡೋದು ನಿಂತ ಮೇಲೆ ದಾರದಿಂದ ಈಗಿರೋ ಟೈರಿನ ಅತಿ ಉಬ್ಬಿರೋ ಜಾಗಕ್ಕೆ ಎಷ್ಟು ಮಿಮೀ ಅಂತ ಸ್ಕೇಲಲ್ಲಿ ನೋಡಿ ಬರ್ಕೊಳ್ಳಿ. ಹೊಸ ರಿಮ್ ಅದಕ್ಕಿಂತ ಎಷ್ಟು ಆಚೆ ಬರತ್ತೆ ಅನ್ನೋದು ಆಗ್ಲೇ ಮಾಡಿದ್ ಲೆಕ್ಕದಲ್ಲಿ ಸಿಗತ್ತೆ, ಟೈರ್ ಅಗಲ ಆದ್ರೆ ಹೆಚ್ಚಾದ ಅಗಲದ ಅರ್ಧಾನೂ ಸೇರಿಸಿ ನೋಡಿ. ಒಳಗಡೆಗೆ ಮಕ್ಳು ಆಡೋ ಕ್ಲೇ ಒಂದ್ ಉಂಡೆ ಮಾಡಿ ಟೈರಿಗೂ ಸ್ಟ್ರಟ್ಟಿಗೂ ಮಧ್ಯ ತುರುಕಿ ತೆಗೀರಿ, ಅದು ಎಷ್ಟು ದಪ್ಪ ಉಳೀತೋ ಅಷ್ಟು ಜಾಗ. ನಾಲ್ಕೂ ಚಕ್ರ ಅಳೀರಿ, ಒಂದ್ ಅಳ್ದು ಮಿಕ್ಕಿದ್ದಕ್ಕೆ ಅದೇ ಅಂದ್ಕೋಬೇಡಿ.

ಆಮೇಲೆ ಸಸ್ಪೆನ್ಷನ್ ನಿಜವಾಗ್ಲೂ ಎಷ್ಟು ಬಗ್ಗತ್ತೆ ಅಂತ ನೋಡಕ್ಕೆ ಒಂದು ರೂಪಾಯಿ ಖರ್ಚು, ಶಾಕ್ ಅಬ್ಸಾರ್ಬರ್ ಕಡ್ಡಿ ಮೇಲೆ ಧೂಳಿನ ರಬ್ಬರ್ ಸರ್ಸಿ ಒಂದ್ ಜಿಪ್ ಟೈ ಕಟ್ಟಿ ಕೆಳಗೆ ತಳ್ಳಿ. ನಿಮ್ ದಿನದ ರಸ್ತೇಲಿ, ನಿಮ್ ಮನೆಯೋರನ್ನೆಲ್ಲ ಕೂರಿಸ್ಕೊಂಡು ಒಂದ್ ರೌಂಡ್ ಬನ್ನಿ, ಅದು ಎಲ್ಲೀವರೆಗೆ ಮೇಲೆ ತಳ್ಳಿಸ್ಕೊಂಡು ನಿಂತಿದ್ಯೋ ಅಲ್ಲೀವರೆಗೂ ಬಗ್ಗಿದೆ. ಹಂಗೇ ಟೈರಿನ ಭುಜಕ್ಕೆ ಸುತ್ತಾ ಚಾಕ್‌ಪೀಸ್ ಬಳೀರಿ, ರಂಗೋಲಿ ಪುಡಿ ಒದ್ದೆ ಮಾಡಿ ಹಚ್ಚಿದ್ರೂ ನಡೆಯತ್ತೆ, ಎಲ್ಲಿ ಅಳಿಸಿದೆಯೋ ಅಲ್ಲಿ ತಾಗ್ತಾ ಇದೆ. ಇಷ್ಟು ಮಾಡಿ ಆಮೇಲೆ ಗುಜರಿಗೆ ಹೋಗಿ, ಭಾಯ್ ಎಷ್ಟ್ ಒರ್ಸಿದ್ರೂ ನೀವು ಸೋಲಲ್ಲ.

ಈಗ ಟೈರ್ ಸೈಜು. 185/60 ಆರ್15 ಅಂದ್ರೆ 185 ಮಿಮೀ ಅಗಲ, ಅದರ 60 ಪರ್ಸೆಂಟು ಅಂದ್ರೆ 111 ಮಿಮೀ ಪಕ್ಕದ ಗೋಡೆ, 15 ಇಂಚು ರಿಮ್. ಒಟ್ಟು ಎತ್ತರ 381ಕ್ಕೆ ಎರಡ್ ಸಲ 111 ಸೇರಿಸಿ, 603. ಈ 603 ಹತ್ರಾನೇ ಇರ್ಬೇಕು, ಎರಡು ಪರ್ಸೆಂಟ್ ಆಚೀಚೆ ಆದ್ರೆ ನಾನು ತಲೆ ಕೆಡಿಸ್ಕೊಳಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಸ್ಪೀಡೋಮೀಟರ್ ಸುಳ್ಳು ಹೇಳತ್ತೆ, ಗೇರಿಂಗ್ ಬದಲಾದಂಗೆ ಅನ್ಸತ್ತೆ. 195/50 ಆರ್15 ಹಾಕಿದ್ರೆ ಎಷ್ಟಾಗತ್ತೆ? 576. ನಾಲ್ಕೂವರೆ ಪರ್ಸೆಂಟ್ ಕಮ್ಮಿ, ಮೀಟರಲ್ಲಿ 100 ಇದ್ದಾಗ ಹಿಂದೆ ಇದ್ದ ಲೆಕ್ಕದಲ್ಲಿ 95 ಚಿಲ್ಲರೆ ಅಷ್ಟೇ ಓಡ್ತಿರತ್ತೆ, ಮೇಲಿಂದ ಕಾರು ಇನ್ನೂ 13 ಮಿಮೀ ನೆಲಕ್ಕೆ ಹತ್ರ. ಕೆಲವ್ರು ಬೇಕೂ ಅಂತಾನೇ ಇದನ್ನ ಹಾಕ್ತಾರೆ, ಸ್ಪ್ರಿಂಗಿಲ್ಲದೇ ಇಳೀತಲ್ಲ ಅಂತ. ಫೆಂಡರ್ ಗ್ಯಾಪ್ ಮಾತ್ರ ಹಂಗೇ ಇರತ್ತೆ, ಇನ್ನೂ ಜಾಸ್ತೀನೇ ಆಗತ್ತೆ, ದೊಡ್ಡಣ್ಣನ ಪ್ಯಾಂಟ್ ಹಾಕ್ಕೊಂಡಂಗೆ.

ನನ್ 205/40 ಆರ್17 ಎತ್ತರ 596, ಲೆಕ್ಕದಲ್ಲಿ ಸರೀನೇ ಇತ್ತು. ಯುರೋಪಲ್ಲಿ ಪೋಲೋದ ಜೋರು ಮಾಡೆಲ್ ಜಿಟಿಐಗೆ ಕಂಪ್ನಿಯೋರೇ 215/40 ಆರ್17 ಕೊಟ್ಟಿದ್ರು, ಎತ್ತರ 604, ನಮ್ 15 ಇಂಚಿನಷ್ಟೇ! ಆದ್ರೆ ರಿಮ್ 7 ಇಂಚು, ಇಟಿ ನನ್ ಗುಜರಿ ಮಾಲಿಗಿಂತ ಎಷ್ಟೋ ಜಾಸ್ತಿ, ಚಕ್ರಾನ ಒಳಗೇ ಕೂರಿಸಿದಾರೆ. 17 ಹಾಕಿದ್ದು ನನ್ ತಪ್ಪಲ್ಲ, 8ಜೆ ಇಟಿ 35 ತಪ್ಪು.

ಆದ್ರೂ ನಾನು ಈಗ 17 ಹಾಕಲ್ಲ. ಯಾಕೆ ಅಂದ್ರೆ ಗೋಡೆ. 111 ಮಿಮೀ ಇದ್ದ ರಬ್ಬರ್ ಗೋಡೆ 82ಕ್ಕೆ ಇಳೀತು, ಗುಂಡಿಗೆ ಬಿದ್ದಾಗ ರಿಮ್ಮಿಗೂ ಡಾಂಬರಿಗೂ ಮಧ್ಯ ಇರೋದು ಅಷ್ಟೇ ಸ್ವಾಮಿ. ಬೆಂಗಳೂರಲ್ಲಿ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಆಳ ಯಾರಿಗ್ ಗೊತ್ತು. ಇಳಿಸಿದ ಕಾರಲ್ಲಿ ಸ್ಪ್ರಿಂಗ್ ಗಟ್ಟಿ, ಬಗ್ಗೋ ಜಾಗ ಕಮ್ಮಿ, ಏಟೆಲ್ಲ ಟೈರೇ ತಿನ್ಬೇಕು, ಆ ಟೈರನ್ನೂ ನಾವು ತೆಳ್ಳಗೆ ಮಾಡ್ತೀವಿ. ನನ್ ಒಂದ್ ಅಲಾಯ್ ಹಂಗೇ ಬೆಂಡ್ ಆಯ್ತು.

ಹಂಪ್ ವಿಷ್ಯಕ್ಕೂ ಒಂದ್ ಮಜಾ ಲೆಕ್ಕ ಹೇಳ್ತೀನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪ್ ಹೆಂಗಿರ್ಬೇಕು ಅಂತ ಬರ್ದಿಟ್ಟಿದೆ, ಐಆರ್‌ಸಿ 99 ಅಂತ, 3.7 ಮೀಟರ್ ಅಗಲ, ಮಧ್ಯ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಅಂಥ ಹಂಪಿನ ನೆತ್ತೀಲಿ ಪೋಲೋ ನಿಂತ್ರೆ, ಮುಂದಿನ ಹಿಂದಿನ ಚಕ್ರದ ನಡುವೆ ಹೆಚ್ಚು ಕಮ್ಮಿ 2.45 ಮೀಟರ್, ಹಂಪು ಹೊಟ್ಟೆ ಕಡೆ ಏಳೋದು ಬರೀ 44 ಮಿಮೀ. ಇಳಿಸಿದ ನನ್ ಕಾರಿಗೆ ಹೊಟ್ಟೆ ಕೆಳಗೆ 120 ಮಿಮೀ ಆಸುಪಾಸು ಜಾಗ ಇದೆ, ಆರಾಮಾಗಿ ದಾಟತ್ತೆ. ನಮ್ ಏರಿಯಾದಲ್ಲಿ ಹಾಕೋ ಹಂಪು ಹೆಂಗಿರತ್ತೆ? ಒಂದ್ ಮೀಟರ್ ಅಗಲ, ಒಂದ್ ಗೇಣು ಎತ್ತರ, ಸತ್ತ ಆನೆ ಮೇಲೆ ಡಾಂಬರ್ ಹಾಕ್ದಂಗೆ. ಅದು ಎರಡೂ ಚಕ್ರದ ಮಧ್ಯ ಪೂರ್ತಿ ಏಳತ್ತೆ, ಅಲ್ಲಿ ನಾನು ಮೂಲೆಯಿಂದ ಓರೆಯಾಗಿ ಹತ್ತಿಸ್ತೀನಿ, ಹಿಂದಿನ ಆಟೋದೋರು ಬಾಯಿಗೆ ಬಂದಂಗೆ ಬೈತಾರೆ. ಅದಕ್ಕೇ ಎಷ್ಟು ಇಳಿಸ್ಬೇಕು ಅನ್ನೋದನ್ನ ನಿಮ್ಮ ಬೀದಿ ಹಂಪು ತೀರ್ಮಾನ ಮಾಡ್ಲಿ, ಇನ್ಸ್ಟಾಗ್ರಾಮ್ ಬೇಡ.

ಕೊನೆಗೆ ನಾನು ಬಂದು ನಿಂತಿದ್ದು 16 ಇಂಚು, 7ಜೆ, ಇಟಿ 40, ಟೈರ್ 195/50 ಆರ್16. ಆಚೆಗೂ ಒಳಗೂ 12.7 ಮಿಮೀ ಅಷ್ಟೇ ಜಾಸ್ತಿ. ಎತ್ತರ 601, ಹಳೇದಕ್ಕೂ ಇದಕ್ಕೂ ಎರಡೇ ಮಿಮೀ ವ್ಯತ್ಯಾಸ. ಗೋಡೆ 97, ಕಳ್ಕೊಂಡಿದ್ದು 14 ಮಿಮೀ ಒಳಗೇ. ಹಿಂದಿನ ಫೆಂಡರ್ ಅಂಚನ್ನ ಹೀಟ್ ಗನ್ನಲ್ಲಿ ಬಿಸಿ ಮಾಡಿ ರೋಲ್ ಮಾಡ್ಸಿ ಒಳಗೆ ಮಡಚ್ಸಿದೆ, ಕತ್ತರಿಸ್ಲಿಲ್ಲ, ಕತ್ತರ್ಸಿದ್ರೆ ತುಕ್ಕು ಗ್ಯಾರಂಟಿ. 205/45 ಆರ್16 ನೋಡಕ್ಕೆ ಇನ್ನೂ ತುಂಬ್ಕೊಂಡಂಗಿರತ್ತೆ, ನಂಗೂ ಆಸೆ ಇತ್ತು, ಅಂಗಡಿ ಅಂಗಡಿ ಅಲೆದ್ರೂ ನಂಗೆ ಬೇಕಾದಾಗ ಸಿಗ್ಲಿಲ್ಲ. 2020ರ ಜೂನಲ್ಲಿ ಕೇಂದ್ರ ಸರ್ಕಾರ ಹೊರಗಿನ ಟೈರ್ ಆಮದನ್ನ ರಿಸ್ಟ್ರಿಕ್ಟೆಡ್ ಪಟ್ಟಿಗೆ ಹಾಕಿದ್ಮೇಲೆ, ಲೈಸೆನ್ಸ್ ಇಲ್ದೇ ತರಿಸೋಂಗಿಲ್ಲ, ಇಲ್ಲಿ ಯಾವ ಕಂಪ್ನಿ ಕಾರಿಗೂ ಬರದೇ ಇರೋ ಸೈಜುಗಳಿಗೆ ತುಂಬಾ ಪರದಾಟ. ಒಂದ್ ಟೈರಿನ ಗೋಡೆ ಸೀಳ್ತು ಅಂದ್ಕೊಳ್ಳಿ, ಗೋಡೆಗೆ ಪಂಕ್ಚರ್ ಹಾಕೋಂಗಿಲ್ಲ, ಚಿತ್ರದುರ್ಗದಲ್ಲಿ ರಾತ್ರಿ ಎಂಟೂವರೆಗೆ ಆ ಸೈಜ್ ಸಿಗತ್ತಾ ಅಂತ ಯೋಚ್ನೆ ಮಾಡಿ ಸೈಜ್ ಆರಿಸಿ.

ಇನ್ನು ಲೋಡ್ ಇಂಡೆಕ್ಸ್. ಇದನ್ನ ಯಾರೂ ನೋಡಲ್ಲ. ಸೈಜ್ ಪಕ್ಕ 84 ಅಂತಲೋ 75 ಅಂತಲೋ ಇರತ್ತಲ್ಲ, 84 ಅಂದ್ರೆ ಆ ಒಂದ್ ಟೈರ್ 500 ಕೆಜಿ ಹೊರತ್ತೆ, 75 ಅಂದ್ರೆ 387. ಸ್ಟ್ರೆಚ್ ಮಾಡ್ತೀವಿ ಅಂತ 165/40 ಆರ್17 ಥರದ್ದನ್ನ 8 ಇಂಚ್ ರಿಮ್ಮಿಗೆ ಎಳ್ದು ಹಾಕೋರು ಇದಾರೆ, ಎತ್ತರ 564, ಹೊರೋ ತಾಕತ್ತು ಕಂಪ್ನಿ ಟೈರಿಗಿಂತ ನೂರು ಕೆಜಿ ಮೇಲೆ ಕಮ್ಮಿ, ರಿಮ್ಮಿನ ಅಂಚು ಬೆತ್ತಲೆ, ಒಂದ್ ಗುಂಡಿಗೆ ಟೈರ್ ರಿಮ್ ಬಿಟ್ಟು ಎದ್ದು ಬರ್ಬೋದು. ನೋಡಕ್ಕೆ ಚೆನ್ನಾಗಿರತ್ತೆ, ಒಪ್ತೀನಿ. ಈ ಹುಚ್ಚು ಬೆಳ್ದಿದ್ದು ಜಪಾನು ಜರ್ಮನಿ ಕಡೆ, ಆಸ್ಟ್ರಿಯಾದ ವೋರ್ಥರ್‌ಜೀ ಸರೋವರದ ದಡದಲ್ಲಿ 1982ರಿಂದ ಜಿಟಿಐ ಜಾತ್ರೆನೇ ನಡೀತಿತ್ತು. ಆದ್ರೆ ಜರ್ಮನೀಲಿ ವೀಲ್ ಬದಲಾಯಿಸಿದ್ರೆ ಅದಕ್ಕೆ ಸರ್ಟಿಫಿಕೇಟ್ ಇರ್ಬೇಕು, ಇಲ್ಲಾಂದ್ರೆ ಗಾಡಿ ತಪಾಸಣೆ ಮಾಡೋ ಟ್ಯೂಫ್ ಥರದ ಸಂಸ್ಥೆಯ ಎಂಜಿನಿಯರ್ ಅಳ್ದು ನೋಡಿ ಸಹಿ ಹಾಕ್ಬೇಕು, ಇಲ್ಲಿ ನಮ್ಗೆ ಅಂಥ ದಾರಿ ಇಲ್ಲ.

ಕಾನೂನು ಬೇಗ ಹೇಳ್ಬಿಡ್ತೀನಿ, ಬೇಜಾರಿನ ವಿಷ್ಯ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್, 2019ರ ಜನವರೀಲಿ ಸುಪ್ರೀಂ ಕೋರ್ಟೂ ಹೇಳಾಯ್ತು, ಕಂಪ್ನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋಂಗೆ ಗಾಡಿ ಬದಲಾಯಿಸೋಂಗಿಲ್ಲ ಅಂತ. ಅದೇ ವರ್ಷದ ತಿದ್ದುಪಡೀಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬೋದು. ಇಳಿಸೋದು ನಿಮ್ಮ ರಿಸ್ಕು, ಇನ್ಶೂರೆನ್ಸಿನೋರಿಗೂ ಅದು ಗೊತ್ತು.

ಬೋಲ್ಟ್ ಬಗ್ಗೆ ಆಗ್ಲೇ ಹೇಳ್ದೆ, ಇನ್ನೆರಡು ಮಾತು. ಪೋಲೋ ಹಬ್ಬಿನ ಮಧ್ಯದ ಉಬ್ಬು 57.1 ಮಿಮೀ, ಹೊರಗಿನ ಅಲಾಯ್ ತೂತು 67.1, 73.1 ಹಿಂಗೆ ದೊಡ್ಡದಿರತ್ತೆ, ಮಧ್ಯ ಹಬ್ ರಿಂಗ್ ಹಾಕ್ಲೇಬೇಕು, ಇಲ್ಲಾಂದ್ರೆ ಹೈವೇಲಿ ಸ್ಟೇರಿಂಗ್ ನಡುಗತ್ತೆ, ನೀವು ಬ್ಯಾಲೆನ್ಸಿಂಗ್ ಮಾಡ್ಸಿ ಮಾಡ್ಸಿ ಸಾಯ್ತೀರ. ಬೋಲ್ಟ್ ಬಿಗಿಯೋ ಟಾರ್ಕ್ 120 ನ್ಯೂಟನ್ ಮೀಟರ್, 50-100 ಕಿಲೋಮೀಟರ್ ಓಡಿದ್ಮೇಲೆ ಮತ್ತೆ ಒಂದ್ಸಲ ನೋಡಿ. ಸ್ಟೆಪ್ನಿಗೆ ಅಂತ ಐದು ಕಂಪ್ನಿ ಬೋಲ್ಟ್ ಡಿಕ್ಕೀಲಿ ಇರ್ಲಿ, ಅಟ್ಟದ ಮೇಲೆ ಬೇಡ.

ಪ್ರಶ್ನೆ ಟೈಮಲ್ಲಿ ಮುಂದಿನ ಸಾಲಿಂದ ಒಬ್ಬ ಹುಡುಗ, "ಅಣ್ಣ, ನಂದು ಸ್ವಿಫ್ಟ್, ಅದಕ್ಕೆ ಏನ್ ಹಾಕ್ಲಿ?" ಅಂದ. ಅವನದು 185/65 ಆರ್15, ಎತ್ತರ 621. 195/55 ಆರ್16 ಹಾಕಪ್ಪ, ಅದೂ 621, ಬಲೆನೋ, ಐ20ಗಳಿಗೆ ಬರೋ ಸೈಜು, ತಾಲ್ಲೂಕಿನಲ್ಲೂ ಸಿಗತ್ತೆ ಅಂದೆ. ನಟ್ ಮಾತ್ರ ಹೋಂಡಾದ್ದು ತಂದು ಬಿಗೀಬೇಡ, ಸುಜುಕಿದು 12 ಮಿಮೀ ದಪ್ಪಕ್ಕೆ 1.25 ಮಿಮೀ ಥ್ರೆಡ್ಡು, ಹೋಂಡಾದ್ದು 1.5, ಎರಡು ಸುತ್ತು ಹೋಗಿ ಸಿಕ್ಕಾಕೊಂಡ್ರೆ ಸ್ಟಡ್ ಹಾಳು. ಇನ್ನೊಬ್ರು ಸ್ಪೇಸರ್ ಹಾಕ್ಬೋದಾ ಸಾರ್ ಅಂದ್ರು, ಹಬ್ಬಿಗೂ ರಿಮ್ಮಿಗೂ ಮಧ್ಯ ಇಡೋ ಬಿಲ್ಲೆ ಅದು. 10 ಮಿಮೀ ಸ್ಪೇಸರ್ ಅಂದ್ರೆ ಇಟಿಲಿ 10 ಕಳೆದಂಗೆ, ಅಷ್ಟೇ, ಅದೇ ಗುಂಡು ದಾರದ ಲೆಕ್ಕ. ಬೋಲ್ಟೂ ಅಷ್ಟೇ ಮಿಮೀ ಜಾಸ್ತಿ ಉದ್ದ ಇರ್ಬೇಕು, ಬೋಲ್ಟ್ ಹಬ್ಬಲ್ಲಿ ಏಳೆಂಟು ಸುತ್ತಾದ್ರೂ ಹಿಡೀಬೇಕು.

ಆಮೇಲೆ ಎಲ್ರೂ ಪಾರ್ಕಿಂಗಿಗೆ ಹೋದ್ವಿ. ಒಂದ್ ಬಿಳಿ ಪೋಲೋ, ನೀಟಾಗಿ ಇಳ್ಸಿದಾರೆ, ಓನರ್ರು ಎಡಗಡೆ ಹಿಂದೆ ಮಾತ್ರ ಉಜ್ಜತ್ತೆ, ಟೈರ್ ಡಿಫೆಕ್ಟ್ ಇರ್ಬೇಕು, ಎರಡ್ ಸಲ ಟೈರ್ ಬದಲಾಯಿಸ್ದೆ ಅಂದ್ರು. ಗುಂಡು ಇಳಿಬಿಟ್ವಿ, ಗಾಳಿ ಬರ್ತಿತ್ತು, ಇಬ್ರು ಅಡ್ಡ ನಿಂತ್ರು. ಬಲಗಡೆ ದಾರದಿಂದ ಟೈರಿಗೆ 11 ಮಿಮೀ. ಎಡಗಡೆ 5. ಟೈರ್ ನಾಲ್ಕೂ ಒಂದೇ, ರಿಮ್ ನಾಲ್ಕೂ ಒಂದೇ, ಹಿಂದಿನ ಬೀಮೇ ಮೂರು ಮಿಮೀ ಎಡಕ್ಕೆ ಕೂತಿತ್ತು. ಅವ್ರು ಅಲ್ಲೇ ಮಂಡಿಯೂರಿ ಸ್ಕೇಲ್ ಇಸ್ಕೊಂಡು ಮತ್ತೊಂದ್ಸಲ ತಾವೇ ಅಳೆದ್ರು, ಎದ್ದು, "ಈ ಗುಂಡು ಎಲ್ಲಿ ಸಿಗತ್ತೆ ಸಾರ್?" ಅಂದ್ರು. ಯಾವ್ದೇ ಹಾರ್ಡ್‌ವೇರ್ ಅಂಗಡೀಲಿ ಅಂದೆ.